ಶಾಂತಲಾ ಉಳಿಸಿಕೊಟ್ಟ ಪೇಟೆಂಟು

ಪೇಟೆಂಟ್ ಕಚೇರಿಯ ವಿಚಾರಣೆ ಇರುವ ದಿನ ಶಾಂತಲಾ ಬೆಳಿಗ್ಗೆ ಬೇಗನೆ ಅಡುಗೆ ಮುಗಿಸಿಬಿಡುತ್ತಾರೆ. ಬನಶಂಕರಿಯ ಆ ಮನೆಯ ಗೇಟಿಗೆ ‘ಪೇಟೆಂಟ್ ಏಜೆಂಟ್’ ಎಂಬ ಬೋರ್ಡು ಅವರ ಹೆಸರಿನಲ್ಲೇ ಇದೆ. ಆದರೂ ಹುಳಿಗೆ ಬೇಳೆ ಬೇಯಿಸುವುದು ತಮ್ಮ ಕೆಲಸವೆಂದು ಮನೆಯಲ್ಲಿ ಬೇರೆ ಯಾರಿಗೂ ಅನ್ನಿಸಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಮಗಳು ಹುಟ್ಟಿದಾಗ ಕಾರ್ಖಾನೆಯ ಕೆಲಸ ಬಿಟ್ಟವರು. ನಲವತ್ತು ದಾಟಿದ ಮೇಲೆ, ಮಗಳ ಡ್ಯಾನ್ಸ್ ಕ್ಲಾಸು ಬಿಡುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತು ಓದಿ ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸು ಮಾಡಿದರು.

ಇವತ್ತಿನ ಅರ್ಜಿ ಅರ್ಪಿತಳದು. ಹೊಸಕೆರೆಹಳ್ಳಿಯಲ್ಲಿ ಅಪಾರ್ಟ್‌ಮೆಂಟುಗಳ ಡೀಸೆಲ್ ಜನರೇಟರ್ ರಿಪೇರಿ ಮಾಡುವ ಶೆಡ್ಡು ನಡೆಸುವವಳು. ಎಥನಾಲ್ ಡೀಸೆಲ್ ಎಂಜಿನ್ನಿನಲ್ಲಿ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ; ಹೊತ್ತಿಸಲು ಅವಳು ಸ್ವಲ್ಪ ಹೊಂಗೆ ಎಣ್ಣೆ ಬಳಸುತ್ತಾಳೆ. ಎಂಜಿನ್ನಿನ ಮೇಲಿನ ಲೋಡ್ ಏರಿದಾಗ ಆ ಎಣ್ಣೆಯನ್ನು ಕಡಿಮೆ ಮಾಡುತ್ತ ಹೋಗುವುದೇ ಅವಳ ಹೊಸ ವಿಧಾನ. ಎರಡೂ ಗೊತ್ತಿದ್ದ ಇಂಧನ, ಎಂಜಿನ್ನೂ ಹಳೆಯದು, ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದು ಎಂದು ಹಳೆಯ ಸಂಶೋಧನಾ ಲೇಖನವೊಂದನ್ನು ತೋರಿಸಿ ಪೇಟೆಂಟ್ ಕಚೇರಿ ಆಕ್ಷೇಪಿಸಿತ್ತು. ಇಂದಿನ ಉತ್ತರ ಸಾಲದೆ ಹೋದರೆ ಅರ್ಜಿ ವಜಾ. ಅವಳ ವರ್ಷಗಳ ದುಡಿಮೆಯನ್ನು ಯಾರು ಬೇಕಾದರೂ ನಕಲು ಮಾಡಬಹುದು.

“ಸೇರಿಸಿ ನೋಡೋದ್ರಲ್ಲಿ ಹೊಸದೇನು ಮೇಡಂ?” ಕಂಪ್ಯೂಟರ್ ಪರದೆಯಲ್ಲಿದ್ದ ಅಧಿಕಾರಿ ಕೇಳಿದರು.

“ಸೇರಿಸಿ ನೋಡಿದ್ರು ಸಾರ್, ನೀವೇ ತೋರಿಸಿರೋ ಹಳೇ ಲೇಖನದವರು. ಲೋಡ್ ಏರಿದ ಹಾಗೆ ಎಣ್ಣೆ ಜಾಸ್ತಿ ಮಾಡಿದ್ರು, ಎಂಜಿನ್ ಟಕಟಕ ಬಡ್ಕೊಳ್ತು. ಕಡಿಮೆ ಮಾಡಿದ್ರೆ ಆರಿಹೋಗುತ್ತೆ, ಆ ದಾರಿ ಬೇಡ ಅಂತ ಕೊನೇಲಿ ಬರೆದಿದ್ದಾರೆ. ಇವಳು ಬೇಡ ಅಂದ ದಾರೀಲೇ ಹೋದ್ಲು, ಎಂಜಿನ್ ಆರ್ಲಿಲ್ಲ.”

ಅಧಿಕಾರಿ ಪುಟ ತಿರುವಿದರು. ಅಷ್ಟರಲ್ಲಿ ಕಾಲಿಂಗ್ ಬೆಲ್ ಸದ್ದಾಯಿತು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಪತಿ ಚಕ್ರಪಾಣಿ ಅಲುಗಲಿಲ್ಲ. ಮತ್ತೆ ಸದ್ದಾಯಿತು.

“ಯಾರೋ ಬಂದಿದ್ದಾರೆ, ನೋಡ್ಬನ್ನಿ ಮೇಡಂ.”

“ನೋಡೋರಿದ್ದಾರೆ ಸಾರ್. ನೀವು ಓದಿ.”

ಹಾಲ್‌ನಲ್ಲಿ ಕುರ್ಚಿ ಸರಿದ ಸದ್ದು. “ಶಾಂತೂ, ಗ್ಯಾಸಿನವನು ಓಟಿಪಿ ಕೇಳ್ತಿದಾನೆ.” ಶಾಂತಲಾ ತಿರುಗಲಿಲ್ಲ. ಫ್ರಿಜ್ಜಿನ ಮೇಲಿದ್ದ ಅವರ ಫೋನಿನಲ್ಲಿ ಚಕ್ರಪಾಣಿ ತಾವೇ ಹುಡುಕಿಕೊಂಡರು.

“ನೀವು ಹೇಳಿದ್ದು ಸರಿ ಇದೆ,” ಎಂದರು ಅಧಿಕಾರಿ. “ಆದ್ರೆ ಪರೀಕ್ಷೆ ಮಾಡಿರೋದು ಜನರೇಟರ್‌ನಲ್ಲಿ ಮಾತ್ರ. ಹಕ್ಕು ಕೇಳ್ತಿರೋದು ಎಲ್ಲಾ ಡೀಸೆಲ್ ಎಂಜಿನ್‌ಗೆ.”

ಲಾರಿ, ಬಸ್ಸುಗಳ ಮೇಲಿನ ಹಕ್ಕನ್ನು ಬಿಟ್ಟುಕೊಡಬಾರದೆಂದು ಅರ್ಪಿತ ಹಿಂದಿನ ದಿನವೆಲ್ಲ ಹಟ ಹಿಡಿದು, ಕೊನೆಗೆ ‘ನಿಮಗೆ ಬಿಟ್ಟಿದ್ದು’ ಎಂದಿದ್ದಳು. ಎಲ್ಲವನ್ನೂ ಹಿಡಿದುಕೊಳ್ಳಲು ಹೋದರೆ ಇದೂ ಕೈತಪ್ಪುತ್ತದೆಂದು ಶಾಂತಲಾಗೆ ಕಾಣುತ್ತಿತ್ತು.

“ಜನರೇಟರ್‌ಗಷ್ಟೇ ಸೀಮಿತ ಮಾಡ್ತೀವಿ ಸಾರ್.”

“ಹಾಗೆ ತಿದ್ದಿ ಕಳಿಸಿ. ನನ್ನದಿನ್ನು ಆಕ್ಷೇಪ ಇಲ್ಲ.”

ಸುದ್ದಿ ಕೇಳಿ ಫೋನಿನಲ್ಲಿ ಅರ್ಪಿತಳ ದನಿ ಇಳಿಯಿತು. “ಲಾರಿ ಹೋಯ್ತಲ್ಲ ಆಂಟಿ.”

“ಲಾರೀಲಿ ಓಡ್ಸಿ ನೋಡಿದ್ಯಾ?”

“ಇಲ್ಲ.”

“ನೋಡು. ಅಲ್ಲಿ ಬೇರೇನಾದ್ರೂ ಹೊಸದು ಸಿಕ್ಕಿದ್ರೆ ಬಾ, ಹೊಸ ಅರ್ಜಿ ಹಾಕೋಣ. ಜನರೇಟರ್‌ದು ಮಾತ್ರ ಇನ್ನು ನಿಂದೇ.”

“ಸಿಕ್ತು ಅಂತ ಶೆಡ್ಡಲ್ಲಿ ಎಲ್ರಿಗೂ ಹೇಳ್ಲಾ?” ಎಂದಳು ಅರ್ಪಿತ.

“ತಿದ್ದಿ ಕಳಿಸ್ತೀನಿ, ಇರು,” ಎಂದು ಶಾಂತಲಾ ಅರ್ಜಿಯ ಮೊದಲ ಸಾಲಿನಲ್ಲಿದ್ದ ‘ಯಾವುದೇ ಡೀಸೆಲ್ ಎಂಜಿನ್’ ಎಂಬುದನ್ನು ಅಳಿಸಿದರು.