ಬೇಳೆ ಬಿಟ್ಟ ತಿಂಗಳು

ಕಳೆದ ವಾರ ಡಮ್ ಡಮ್‌ಗೆ ಬರುವ ಲೋಕಲ್ ರೈಲಿನಲ್ಲಿ ಬೇಯಿಸಿದ ಮೊಟ್ಟೆ ಮಾರುವವನೊಬ್ಬ ನನ್ನ ಪಕ್ಕದಲ್ಲೇ ಬಂದು ನಿಂತ. ಅಲ್ಯೂಮಿನಿಯಂ ಡಬ್ಬಿಯ ಮುಚ್ಚಳ ತೆಗೆದು, ಬಿಸಿ ಮೊಟ್ಟೆಯೊಂದರ ಸಿಪ್ಪೆ ಸುಲಿದು, ನೂಲಿನಿಂದ ಅದನ್ನು ಎರಡು ಹೋಳು ಮಾಡಿ, ಮೇಲೆ ಕಪ್ಪು ಉಪ್ಪು ಉದುರಿಸಿ ಎದುರಿನ ಸೀಟಿನವನಿಗೆ ಕೊಟ್ಟ. ನಮ್ಮದು ಮೊಟ್ಟೆಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಮನೆ. ಇಂಥ ವಾಸನೆ ಬಂದರೆ ಸೆರಗು ತಾನಾಗಿ ಮೂಗಿಗೆ ಹೋಗುವುದು ನನ್ನ ಹುಟ್ಟಿನಿಂದ ಬಂದ ಅಭ್ಯಾಸ. ಅವತ್ತು ಮಾತ್ರ ಸೆರಗು ಮೂಗಿಗೆ ಹೋಗುವ ಬದಲು ಕಣ್ಣಿಗೆ ಹೋಯಿತು. ಎದುರಿನವನು ಉಪ್ಪಿನ ಪುಡಿ ನನ್ನ ಕಣ್ಣಿಗೆ ಹಾರಿತೆಂದುಕೊಂಡು ಪಾಪ, ಕ್ಷಮೆ ಕೇಳಿದ.

ಆ ವಾಸನೆ ನಮ್ಮ ತಾರಸಿಯ ಕೋಣೆಯಲ್ಲಿದ್ದ ಹುಡುಗಿಯದು. ಏಳೆಂಟು ವರ್ಷದ ಹಿಂದಿನ ಮಾತು. ಸ್ಟೇಷನ್ನಿಗೆ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಕೆಳಗೆ ಹೋಟೆಲು, ಅದರ ಮೇಲೆ ಮನೆ, ಮನೆಯ ಮೇಲೆ ತಾರಸಿ, ತಾರಸಿಯಲ್ಲಿ ಒಂದೇ ಒಂದು ಕೋಣೆ. ನಾನು ಉಡುಪಿಯಿಂದ ಮದುವೆಯಾಗಿ ಈ ಬಂಗಾಳಿ ಊರಿಗೆ ಬಂದವಳು. ಇವರು ಕೆಳಗೆ ಇಡ್ಲಿ ಸಾಂಬಾರು ಬಡಿಸಿದರು, ನಾನು ಮೇಲೆ ಮಡಿ ಹಿಡಿದೆ, ಹೀಗೆ ಮೂವತ್ತೈದು ವರ್ಷ ಕಳೆಯಿತು. ಮಕ್ಕಳಾಗಲಿಲ್ಲ. ಒಂದು ದಿನ ಕನ್ನಡ ಸಂಘದ ಪರಿಚಯದವರೊಬ್ಬರು ಫೋನ್ ಮಾಡಿ, ಹುಬ್ಬಳ್ಳಿ ಕಡೆಯ ಹುಡುಗಿ, ಹತ್ತೊಂಬತ್ತು ವರ್ಷ, ಬ್ಯಾಸ್ಕೆಟ್‌ಬಾಲ್ ಆಡುತ್ತಾಳೆ, ಇಲ್ಲಿಯ ತಂಡವೊಂದು ಸಂಬಳ ಕೊಟ್ಟು ಒಂದು ವರ್ಷದ ಕರಾರಿನ ಮೇಲೆ ಕರೆಸಿಕೊಂಡಿದೆ, ಕೋಣೆ ಕೊಡುತ್ತೀರಾ ಎಂದು ಕೇಳಿದರು. ಚೆಂಡು ಕುಣಿಸುವುದಕ್ಕೂ ಸಂಬಳ ಉಂಟೇ ಎಂದು ನಾನು ನಕ್ಕಿದ್ದೆ.

ಬಂದವಳು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡದ್ದು. ಅಷ್ಟು ಎತ್ತರ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಬಲೆಚೀಲದೊಳಗಿನ ಚೆಂಡು. ಹಣೆ ಉಜ್ಜಿಕೊಳ್ಳಲು ಕೈ ಖಾಲಿ ಇರಲಿಲ್ಲ.

“ನಿಮ್ಮ ಮನಿ ಬಾಗಲಾ ಭಾಳ ಗಿಡ್ಡ ಐತಿ ನೋಡ್ರಿ ಮಾವಶಿ” ಎಂದು ನಕ್ಕಳು.

ಮಾವಶಿ ಎಂದರೆ ಅವರ ಕಡೆ ತಾಯಿಯ ತಂಗಿ. ನಮ್ಮ ಪಾಡಾದ, ಅಂದರೆ ಕೇರಿಯ, ಮಕ್ಕಳೆಲ್ಲ ಬಂಗಾಳಿಯಲ್ಲಿ ಅದನ್ನೇ ಮಾಶಿಮಾ ಎಂದು ಕರೆದು ಕರೆದು ಅದು ನನಗೆ ಹೆಸರಿನಂತೆಯೇ ಆಗಿತ್ತು, ಅದರಲ್ಲಿ ಸಂಬಂಧವಿದೆ ಎಂಬುದೇ ಮರೆತಿತ್ತು. ಇವಳು ಕನ್ನಡದಲ್ಲಿ ಕರೆದಾಗ ನೆನಪಾಯಿತು. ಅಡುಗೆಮನೆಗೆ ಹೋಗಿ, ಅರಿಸಿನ ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ನಾನು ಹಾಕಿದ ಷರತ್ತು ಒಂದೇ: ಹೊಸ್ತಿಲ ಒಳಗೆ ಮೊಟ್ಟೆ ಬರಬಾರದು. ಅವಳು ತಲೆಯಾಡಿಸಿದಳು. ಮುಂಜಾನೆ ಮೊದಲ ಮೆಟ್ರೋ ಹಿಡಿದು ಮೈದಾನದ ಕಡೆಗೆ ಅಭ್ಯಾಸಕ್ಕೆ ಹೋಗುತ್ತಿದ್ದಳು. ಸ್ಟೇಷನ್ನಿನ ಬಾಯಲ್ಲೇ ಮೊಟ್ಟೆಯವನು ಕೂರುತ್ತಿದ್ದ. ವಾಪಸು ಬಂದು ನನ್ನ ಕೈಯಿಂದ ಕಾಫಿ ಲೋಟ ತೆಗೆದುಕೊಳ್ಳುವಾಗ ಅವಳ ಬೆರಳುಗಳಿಂದ ಕಪ್ಪು ಉಪ್ಪಿನ ಆ ವಾಸನೆ ಬರುತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಹೊರಗೆ ತಿಂದದ್ದು ಹೊರಗೇ ಎಂದು ನಾನು ಸುಮ್ಮನಿದ್ದೆ. ಅವಳಿಗೂ ಗೊತ್ತಿತ್ತು ನನಗೆ ಗೊತ್ತೆಂದು. ಲೋಟ ತೆಗೆದುಕೊಳ್ಳುವಾಗ ಅವಳ ಮುಖದಲ್ಲಿ ಒಂದು ಕಳ್ಳನಗೆ ಇರುತ್ತಿತ್ತು...

ಮೊದಲ ಪಂದ್ಯಕ್ಕೆ ನಾನೂ ಇವರೂ ಹೋಗಿದ್ದೆವು. ಬೆಂಚಿನ ಮೇಲೆ ಕೂತ ಹುಡುಗಿಯರೆಲ್ಲ ಆಡಿ ಸುಸ್ತಾದವರು ಎಂದು ನಾನು ತಿಳಿದಿದ್ದೆ. ನಮ್ಮವಳು ಮುಗಿಯುವ ಹೊತ್ತಿನ ತನಕವೂ ಅಲ್ಲೇ ಕೂತದ್ದು ನೋಡಿ, ಆಡದೆಯೇ ಯಾಕೆ ಇಷ್ಟು ಸುಸ್ತು ಎಂದು ಇವರನ್ನು ಕೇಳಿದೆ. ಹಿಂದಿನ ಸಾಲಿನವರು ನಕ್ಕರು. ಕೊನೆಯ ನಾಲ್ಕು ನಿಮಿಷಕ್ಕೆ ಅವಳನ್ನು ಕರೆದರು. ಆ ನಾಲ್ಕು ನಿಮಿಷದಲ್ಲಿ ಎರಡು ಸಲ ಎದುರಾಳಿಗೆ ಡಿಕ್ಕಿ ಹೊಡೆದು ಬೈಸಿಕೊಂಡಳು, ಒಂದು ಸಲ ಚೆಂಡನ್ನು ಬುಟ್ಟಿಗೆ ಹಾಕಿದಳು. ಹಾಕಿದ ಮೇಲೆ ತಿರುಗಿ ನಾವು ಎಲ್ಲಿ ಕೂತಿದ್ದೇವೆಂದು ಹುಡುಕಿದಳು. ಅಷ್ಟು ಜನರ ನಡುವೆ ಕೈಯೆತ್ತಲು ನನಗೆ ನಾಚಿಕೆಯಾಯಿತು, ಆದರೂ ಎತ್ತಿದೆ.

ಮೂರನೆಯ ಪಂದ್ಯದ ಹೊತ್ತಿಗೆ ಅವಳು ಮೊದಲಿನಿಂದಲೇ ಆಡುತ್ತಿದ್ದಳು. ಅವಳ ಜಾಗ ಬುಟ್ಟಿಯ ಕೆಳಗೆ. ತಪ್ಪಿ ಪುಟಿದು ಬಂದ ಚೆಂಡಿಗೆ ನಾಲ್ಕೈದು ಜನ ಮುಗಿಬೀಳುವಾಗ ಮೈಯೊಡ್ಡಿ ನಿಲ್ಲಬೇಕು, ನೂಕಿಸಿಕೊಂಡರೂ ಕಾಲು ಕದಲಬಾರದು, ಎಲ್ಲರಿಗಿಂತ ಮೊದಲು ಹಾರಬೇಕು. ಅವತ್ತು ಅವಳೊಬ್ಬಳೇ ಹದಿನೆಂಟು ಅಂಕ ಗಳಿಸಿದಳು. ಮರುದಿನ ಬಂಗಾಳಿ ಪತ್ರಿಕೆಯಲ್ಲಿ ಫೋಟೋ ಬಂತು. ಇವರು ಅದನ್ನು ಕತ್ತರಿಸಿ, ಹೋಟೆಲಿನಲ್ಲಿ ಶ್ರೀಕೃಷ್ಣನ ಪಟದ ಪಕ್ಕದಲ್ಲೇ ಅಂಟಿಸಿದರು. ದೋಸೆಗೆ ಕಾದು ಕೂತವರಿಗೆಲ್ಲ “ನಮ್ಮ ಮನೆ ಹುಡುಗಿ” ಎಂದು ತೋರಿಸುವುದೇ ಕೆಲಸವಾಯಿತು, ಇತ್ತ ಕಾವಲಿಯ ಮೇಲೆ ದೋಸೆ ಸೀದುಹೋಗುತ್ತಿತ್ತು.

ದಸರೆಯ ಹೊತ್ತಿನ ಪೂಜೋ ರಜೆ ಮುಗಿದ ಮೇಲೆ ಎರಡನೆಯ ಸುತ್ತು. ಅದರಲ್ಲೂ ಹೀಗೇ ಆಡಿದರೆ ಇನ್ನೆರಡು ವರ್ಷದ ಕರಾರು, ಇಲ್ಲದಿದ್ದರೆ ಊರಿಗೆ ವಾಪಸು ಎಂದು ಕೋಚ್ ಹೇಳಿದ್ದರು. ಊರಲ್ಲಿ ಅವಳಿಗೆ ಆಡಲು ತಂಡವೇ ಇರಲಿಲ್ಲ. “ಇದೊಂದ ಆದ್ರ ಸಾಕ್ರಿ ಮಾವಶಿ, ಮತ್ತ ನಾ ಹಿಂದ ತಿರುಗಿ ನೋಡಂಗಿಲ್ಲ” ಎನ್ನುತ್ತಿದ್ದಳು. ತಾರಸಿಯ ಮೇಲೆ ಚೆಂಡು ಪುಟಿಯುವ ಸದ್ದು ನಮ್ಮ ತಲೆಯ ಮೇಲೇ ಕೇಳುತ್ತಿತ್ತು. ಆ ಸದ್ದು ನಿಂತರೆ ನಾನು ಕೈಯ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ.

ಇಲ್ಲಿಂದ ಮುಂದೆ ಹೇಳುವುದು ಸುಲಭವಲ್ಲ.

ನಮ್ಮ ಮನೆಯಲ್ಲಿ ಚಾತುರ್ಮಾಸ್ಯ ನಡೆಯುತ್ತದೆ. ನಾಲ್ಕು ತಿಂಗಳು, ತಿಂಗಳಿಗೊಂದು ವ್ರತ. ಮೊದಲ ತಿಂಗಳು ತರಕಾರಿ ಬಿಡುವುದು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ಕೊನೆಯ ತಿಂಗಳು ಬೇಳೆಕಾಳು. ಕೆಳಗೆ ಹೋಟೆಲಿಗೆ ಇದು ಯಾವುದೂ ಇಲ್ಲ. ಅಲ್ಲಿ ಸಾಂಬಾರು ಕುದಿಯುತ್ತಲೇ ಇರುತ್ತದೆ. ಮೊದಲೆರಡು ತಿಂಗಳು ಅವಳು ಕೆಳಗೇ ಉಂಡಳು. ಹಾಲು ಬಿಡುವ ತಿಂಗಳು ಶುರುವಾದ ದಿನ ಮೇಲೆ ಬಂದು ನನ್ನ ಎದುರು ತಟ್ಟೆಯಿಟ್ಟುಕೊಂಡು ಕೂತಳು.

“ನೀವು ಬಿಟ್ಟಿದ್ದನ್ನ ನಾನೂ ಬಿಡ್ತೀನ್ರಿ. ಒಂದ ಮನ್ಯಾಗ ಇದ್ದು ಎರಡ ನಮೂನಿ ಊಟ ಯಾಕ?”

ಬೇಡ ಎನ್ನಬೇಕಿತ್ತು. ಎರಡು ಅಕ್ಷರ. ನಾನು ಏನು ಮಾಡಿದೆನೆಂದರೆ, ಅವಳ ತಲೆ ಸವರಿ ಬಾಳೆಲೆ ಹಾಕಿದೆ. ಕಪ್ಪು ಉಪ್ಪಿನ ವಾಸನೆ ಮರುದಿನದಿಂದ ನಿಂತಿತು. ವ್ರತವೆಂದ ಮೇಲೆ ವ್ರತ ಎಂದು ಅವಳು ಮೊಟ್ಟೆಯನ್ನೂ ಬಿಟ್ಟಿದ್ದಳು. ನನಗೆ ಕೊಂಬು ಬಂದಂತಾಯಿತು. ಸಂಘದ ಹೆಂಗಸರ ಮುಂದೆ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರು ಏಕಾದಶಿಯ ದಿನ ಬರ್ಗರ್ ತಿನ್ನುತ್ತಾರೆ, ನಮ್ಮ ಹುಡುಗಿ ನೋಡಿ, ಎಂದು ಹೇಳಿಕೊಂಡು ತಿರುಗಿದೆ. ಮಗಳು ಎಂದರೆ ಹೀಗಿರಬೇಕು ಎಂದು ಅವರು ಅಂದರು. ಮಗಳು ಎಂಬ ಆ ಮಾತು ಕೇಳುವುದಕ್ಕೇ ನಾನು ಹೋಗುತ್ತಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ.

ಬೇಳೆ ಬಿಡುವ ತಿಂಗಳು ಬಂತು. ಅನ್ನ, ಸುವರ್ಣಗೆಡ್ಡೆ, ಕಾಯಿ ಹಾಕಿದ ಮೆಣಸಿನ ಸಾರು, ಮಜ್ಜಿಗೆ. ನನ್ನ ವಯಸ್ಸಿಗೆ ಅದು ಸಾಕು. ದಿನಕ್ಕೆ ನಾಲ್ಕು ಗಂಟೆ ಓಡಿ ಹಾರುವ ಹುಡುಗಿಗೆ ಅದು ಎಲ್ಲಿಗೆ ಸಾಕು?

“ಎಂತ ಮಾರಾಯ್ತಿ ಇದು” ಎಂದು ಇವರೇ ಒಂದು ದಿನ ಕೇಳಿದರು. “ಅದು ಆಡುವ ಮಗು. ಕೆಳಗೆ ಬಂದು ಎರಡು ಇಡ್ಲಿ ಸಾಂಬಾರು ತಿನ್ಲಿಕ್ಕೆ ಹೇಳು.”

“ಅವಳೇ ಬೇಡ ಹೇಳ್ತಾಳೆ. ನಾನೆಂತ ಮಾಡ್ಲಿ?” ಎಂದೆ.

ಎರಡನೆಯ ಸುತ್ತಿನ ಮೊದಲ ಪಂದ್ಯದಲ್ಲೇ ಅವಳನ್ನು ಎದುರಾಳಿಗಳು ಬಾಗಿಲ ಪರದೆಯನ್ನು ಸರಿಸುವಷ್ಟು ಸುಲಭವಾಗಿ ಸರಿಸಿದರು. ಚೆಂಡು ಅವಳ ತಲೆಯ ಮೇಲೇ ಬಂದರೂ ಬೇರೆಯವರ ಪಾಲಾಯಿತು. ಮುಂದಿನ ಪಂದ್ಯದಲ್ಲಿ ಅರ್ಧಕ್ಕೇ ಹೊರಗೆ ಕೂರಿಸಿದರು. ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು, “ಕಾಲಾಗ ಶಕ್ತೀನ ಇಲ್ಲದಂಗ ಆಗೇತ್ರಿ” ಎಂದಳು. ನಾನು ಕೊಬ್ಬರಿ ಎಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದೆ. ಎಣ್ಣೆ ತಿಕ್ಕುತ್ತಾ, ದೃಷ್ಟಿಯಾಗಿರಬೇಕು ಎಂದೆ. ಗೊತ್ತಿಲ್ಲದೆ ಅಂದದ್ದಲ್ಲ... ನನಗೆ ಆಗಲೇ ಗೊತ್ತಾಗಿತ್ತು.

ಕೊನೆಯ ಪಂದ್ಯಕ್ಕೆ ಎರಡು ದಿನವಿರುವಾಗ ಕೋಚ್ ನಮ್ಮ ಹೋಟೆಲಿಗೆ ಬಂದರು. ಬಂಗಾಳಿ ಮನುಷ್ಯ, ಮಾತು ಕಡಿಮೆ. ಚಹಾ ಮುಟ್ಟದೆ ನನ್ನನ್ನು ಕೆಳಗೆ ಕರೆಸಿ ಹಿಂದಿಯಲ್ಲಿ ಕೇಳಿದರು. ಎರಡು ತಿಂಗಳ ಹಿಂದೆ ಕುದುರೆಯಂತಿದ್ದ ಹುಡುಗಿ ಇವಳು. ಕೇಳಿದರೆ ಏನೂ ಇಲ್ಲ ಎನ್ನುತ್ತಾಳೆ. ಕಾಯಿಲೆಯೋ ಊಟದ ತೊಂದರೆಯೋ ಇದ್ದರೆ ಹೇಳಿ, ಒಂದು ತಿಂಗಳು ಕಾಯಿರಿ ಎಂದು ನಾನು ತಂಡದ ಮೇಲಿನವರಿಗೆ ಹೇಳಬಲ್ಲೆ ಎಂದರು.

“ಮಾಶಿಮಾ, ಠೀಕ್ ಸೇ ಖಾತೀ ಹೈ ನಾ?”

ಹೋಟೆಲು ತುಂಬಿತ್ತು. ಪಾಡಾದವರೆಲ್ಲ ತಟ್ಟೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಉಡುಪಿ ಹೋಟೆಲಿನ ಯಜಮಾನಿಯನ್ನು, ನಿನ್ನ ಮನೆಯ ಹುಡುಗಿ ಹೊಟ್ಟೆ ತುಂಬ ಉಣ್ಣುತ್ತಾಳೋ ಎಂದು ಕೇಳುವುದೇ? ನನಗೆ ಮೂಗಿನ ತುದಿಗೇ ಸಿಟ್ಟು ಬಂತು. ಊರಿಗೆಲ್ಲ ಬಡಿಸುವ ಮನೆ ನಮ್ಮದು, ಇಲ್ಲಿಂದ ಹಸಿದು ಹೋದವರು ಯಾರೂ ಇಲ್ಲ, ಅವಳ ಊಟಕ್ಕೆ ಯಾವ ಕೊರತೆಯೂ ಇಲ್ಲ ಎಂದೆ. ಇವರು ಏನೋ ಹೇಳಲು ಬಾಯಿ ತೆರೆದು, ನನ್ನ ಕಣ್ಣು ನೋಡಿ ಸಾಂಬಾರಿನ ಕಡೆ ತಿರುಗಿಕೊಂಡರು. ಅವಳು ಮೆಟ್ಟಿಲ ಕೆಳಗೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು. ನನ್ನ ಮಾತನ್ನು ಸುಳ್ಳು ಮಾಡಲಿಲ್ಲ, ನನ್ನನ್ನು ನೋಡಿ ಒಂದಿಷ್ಟು ನಕ್ಕಳು ಅಷ್ಟೆ.

ಕೋಚ್ ತಲೆಯಾಡಿಸಿ, ಹಾಗಾದರೆ ಅವಳ ಆಟವೇ ಇಷ್ಟಿರಬೇಕು ಎಂದು ಎದ್ದು ಹೋದರು.

ಕೊನೆಯ ಪಂದ್ಯದಲ್ಲಿ ಮುಗಿಯುವ ಸ್ವಲ್ಪ ಮೊದಲು ಅವಳನ್ನು ಆಟಕ್ಕೆ ಇಳಿಸಿದರು. ಎದುರಿನವಳು ತಳ್ಳಿದ್ದಕ್ಕೆ ಎರಡು ಫ್ರೀ ಥ್ರೋ ಸಿಕ್ಕಿತು. ಯಾರೂ ಅಡ್ಡ ಬರುವಂತಿಲ್ಲ, ನಿಂತು ಎಸೆಯುವುದು. ತಾರಸಿಯಲ್ಲಿ ಗೋಡೆಗೆ ಸುಣ್ಣದ ಗುರುತು ಹಾಕಿಕೊಂಡು ಅದೇ ಎಸೆತವನ್ನು ಅವಳು ದಿನಕ್ಕೆ ಅದೆಷ್ಟು ಸಲ ಎಸೆಯುತ್ತಿದ್ದಳೋ. ಮೊದಲನೆಯದು ಬುಟ್ಟಿಯ ಕಬ್ಬಿಣದ ಬಳೆಯ ತನಕ ಹೋಗಲೇ ಇಲ್ಲ, ನಡುವೆಯೇ ಇಳಿದುಬಿಟ್ಟಿತು. ಎರಡನೆಯದಕ್ಕೆ ಅವಳು ಮಂಡಿ ಬಗ್ಗಿಸಿ, ಮೈಯಲ್ಲಿದ್ದುದನ್ನೆಲ್ಲ ಒಟ್ಟುಮಾಡಿ ಎಸೆದದ್ದು ನನಗೆ ದೂರದಿಂದಲೂ ಕಾಣಿಸಿತು. ಅದೂ ತಲುಪಲಿಲ್ಲ. ಗುರಿ ತಪ್ಪಿರಲಿಲ್ಲ, ಎರಡೂ ನೇರವಾಗಿಯೇ ಹೋಗಿದ್ದವು. ತ್ರಾಣ ಸಾಲಲಿಲ್ಲ. ಜನ ನಕ್ಕರು. ಈ ಸಲ ಅವಳು ನಾವು ಎಲ್ಲಿ ಕೂತಿದ್ದೇವೆಂದು ತಿರುಗಿ ನೋಡಲಿಲ್ಲ.

ಕರಾರು ಆಗಲಿಲ್ಲ. ಅದಾದ ಎರಡೇ ದಿನಕ್ಕೆ ಉತ್ಥಾನ ದ್ವಾದಶಿ, ವ್ರತ ಮುಗಿಯಿತು. ತುಳಸಿಗೆ ದೀಪವಿಟ್ಟು, ತೊಗರಿಬೇಳೆಯ ಹುಳಿ ಮಾಡಿ ಅವಳಿಗೇ ಮೊದಲು ಬಡಿಸಿದೆ. ಮೂರು ಸಲ ಹಾಕಿಸಿಕೊಂಡು ಉಂಡಳು. “ಬ್ಯಾಳಿ ಭಾಳ ಛಲೋ ಆಗೇತ್ರಿ ಮಾವಶಿ” ಎಂದಳು. ಆ ಊಟ ತಿಂಗಳ ಮೊದಲೇ ಸಿಗಬೇಕಿತ್ತು ಎಂದು ಅವಳು ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೌರಾದಲ್ಲಿ ರೈಲು ಹತ್ತಿಸಲು ಹೋದಾಗ ಎಲ್ಲವನ್ನೂ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡಿದ್ದೆ. ಅವಳೇ ಕಿಟಕಿಯಿಂದ ಬಗ್ಗಿ, “ಯಾವ ತಿಂಗಳಾಗ ಏನೇನ್ ಬಿಡಬೇಕು ಅಂತ ಒಂದ ಚೀಟಿ ಬರದು ಕೊಡ್ರಿ, ಊರಾಗೂ ಮಾಡ್ತೀನಿ” ಎಂದಳು.

“ನಿನಗೆ ಬೇಡ ಮಗಾ. ನಿನಗೆ ಅದು ಬೇಡ” ಎಂದೆ. ಕೂಡಿಸಿಕೊಂಡಿದ್ದ ಮಾತಿನಲ್ಲಿ ಹೊರಬಂದದ್ದು ಅಷ್ಟೇ.

ಒಂದೆರಡು ವರ್ಷ ಹಬ್ಬಕ್ಕೆ ಫೋನ್ ಮಾಡುತ್ತಿದ್ದಳು. ಯಾವುದೋ ಶಾಲೆಯಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದೇನೆ ಎಂದಿದ್ದಳು. ನೀನು ಆಡುತ್ತೀಯಾ ಎಂದು ಕೇಳಿದಾಗ ಇವರ ಆರೋಗ್ಯ ವಿಚಾರಿಸಿದಳು. ಆಮೇಲೆ ಆ ನಂಬರು ಹೋಗಲಿಲ್ಲ. ಅವಳನ್ನು ಕಳಿಸಿಕೊಟ್ಟ ಸಂಘದವರೂ ವರ್ಗವಾಗಿ ಬೇರೆ ಊರು ಸೇರಿದ್ದರು. ಹೋಟೆಲಿನ ಗೋಡೆಯ ಫೋಟೋ ಎಣ್ಣೆಯ ಹೊಗೆಗೆ ಕಂದಿ, ಈಗ ಅದರಲ್ಲಿ ಎತ್ತಿದ ಎರಡು ಕೈ ಮಾತ್ರ ಕಾಣುತ್ತವೆ. ತಾರಸಿಯ ಕೋಣೆಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಇವತ್ತಿಗೂ ಮೇಲೆ ಏನಾದರೂ ಬಿದ್ದ ಸದ್ದಾದರೆ ನನ್ನ ಕೈಯ ಕೆಲಸ ನಿಲ್ಲುತ್ತದೆ. ಬೆಕ್ಕು, ಇಲ್ಲವೇ ಒಣಹಾಕಿದ ಬಟ್ಟೆಯ ಕೋಲು. ಅವಳನ್ನು ನೋಡಬೇಕು. ಅವಳ ಬಾಯಿಂದ ಒಮ್ಮೆ ಮಾವಶಿ ಎಂದು ಕರೆಸಿಕೊಳ್ಳಬೇಕು, ಬೈಸಿಕೊಂಡರೂ ಸರಿ.

ಅವತ್ತು ರೈಲಿನಲ್ಲಿ ಕಣ್ಣೊರೆಸಿಕೊಂಡ ಮೇಲೆ ಮೊಟ್ಟೆಯವನನ್ನು ಕರೆದು ಎರಡು ಕೊಡಲು ಹೇಳಿದೆ. ನನ್ನ ಸೀರೆ, ಕುಂಕುಮ ನೋಡಿ ಅವನಿಗೂ ಅನುಮಾನ ಬಂತೇನೋ, ಯಾರಿಗೆ ಮಾಶಿಮಾ ಎಂದ. ಮಗಳಿಗೆ ಎಂದೆ. ಕಾಗದದ ಪೊಟ್ಟಣವನ್ನು ಚೀಲದಲ್ಲಿಟ್ಟುಕೊಂಡು, ಹೋಟೆಲು ದಾಟಿ, ನಮ್ಮ ಹೊಸ್ತಿಲು ದಾಟಿ, ತಾರಸಿಗೆ ಹೋಗಿ, ಅವಳು ಚೆಂಡು ಇಡುತ್ತಿದ್ದ ಕಿಟಕಿಯ ಕಟ್ಟೆಯ ಮೇಲೆ ಬಿಚ್ಚಿಟ್ಟೆ. ಗೋಡೆಯ ಮೇಲೆ ಸುಣ್ಣದ ಆ ಗುರುತು ಇನ್ನೂ ಇದೆ, ನನ್ನ ಕೈಗೆ ಎಟುಕುವುದಿಲ್ಲ.

ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದ ಇವರು ಪೊಟ್ಟಣ ನೋಡಿದರು, ನನ್ನನ್ನು ನೋಡಿದರು.

“ಮನೆಯೆಲ್ಲ ವಾಸನೆ ಬರ್ತದೆ” ಎಂದರು, ಮೆಲ್ಲಗೆ.

“ಬರ್ಲಿ” ಎಂದೆ. ಕೋಣೆಯ ಬಾಗಿಲನ್ನು ತೆರೆದೇ ಬಿಟ್ಟು ಕೆಳಗಿಳಿದೆ.