ನಾವೇ ನಿಲ್ಲಿಸಿದ ರಾಟೆಗಳು

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನು ಮೂಗೂರಿನಿಂದ ಬಂದು, ನರಸೀಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ರೇಷ್ಮೆ ಕಾರ್ಖಾನೆಗೆ ಹೋಗುತ್ತಿದ್ದೆ. ವಿಮಾನದಿಂದ ಧುಮುಕುವ ಸೋಲ್ಜರುಗಳ ಕೊಡೆಗೆ ನಮ್ಮ ರೇಷ್ಮೆ ಬೇಕಂತೆ ಎಂದು ಹೇಳುತ್ತಿದ್ದರು. ನಾವು ಉಟ್ಟಿದ್ದು ಮಾತ್ರ ತೇಪೆ ಹಾಕಿದ ಸೀರೆ!

ಕಾರ್ಖಾನೆಯ ಒಳಗೆಲ್ಲ ಬರೀ ಹಬೆ. ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಒಂದೊಂದಕ್ಕೂ ಒಬ್ಬ ಹೆಂಗಸು, ಒಂದು ರಾಟೆ. ನೀರಿನಲ್ಲಿ ಕುಣಿಯುವ ರೇಷ್ಮೆಗೂಡುಗಳಿಂದ ಎಳೆ ಹಿಡಿದು ದಾರಕ್ಕೆ ಕೊಡುತ್ತಲೇ ಇರಬೇಕು. ಕೈ ತೆಗೆದರೆ ದಾರ ಸಣ್ಣಗಾಗಿ ಕಡಿದುಹೋಗುತ್ತದೆ. ದಾರ ಕಡಿಸಿದವಳು ಕೆಲಸಕ್ಕೆ ಬಾರದವಳು ಎನ್ನುವುದು ನಮ್ಮ ರಕ್ತಕ್ಕೇ ಇಳಿದುಬಿಟ್ಟಿತ್ತು. ಚಳಿಗಾಲದ ಬೆಳಿಗ್ಗೆಯಂತೂ ಪಕ್ಕದವಳ ಮುಖವೂ ಕಾಣುತ್ತಿರಲಿಲ್ಲ. ರಾಟೆಗಳ ಗುಂಯ್ ಎನ್ನುವ ಸದ್ದಿನಲ್ಲಿ ಎಚ್ಚರವಾಗಿದ್ದೇನೋ ಕನಸಿನಲ್ಲಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

ನನ್ನ ಪಕ್ಕದ ತೊಟ್ಟಿ ನಂಜನಗೂಡಿನ ಕಡೆಯ ಪುಟ್ಟಮ್ಮಕ್ಕನದು. ಕೈ ಬೊಬ್ಬೆ ಎದ್ದವರಿಗೆ ಬಿಡುವು ಕೊಡಿ ಅಂತ ಎಲ್ಲರೂ ಒಟ್ಟಿಗೆ ಹೋಗಿ ಕೇಳೋಣ ಎಂದು ಆಕೆ ನಾಲ್ಕು ಜನರ ಹತ್ತಿರ ಹೇಳಿದ್ದಳು. ಅಷ್ಟಕ್ಕೇ ಮ್ಯಾನೇಜರು, "ಗುಂಪು ಕಟ್ತೀಯಾ?" ಎಂದು ಆಕೆಯನ್ನು ಕೆಲಸದಿಂದ ತೆಗೆದ. ಗಂಡನಿಲ್ಲದ ಹೆಂಗಸು, ಮನೆಯಲ್ಲಿ ಎರಡು ಮಕ್ಕಳು. ಮತ್ತೆ ಕರೆದಾರೇನೋ ಎಂದು ದಿನಾ ಬಂದು ಗೇಟಿನ ಹೊರಗೆ ಕೂರುತ್ತಿದ್ದಳು.

ಅಷ್ಟರಲ್ಲಿ ಮಹಾರಾಜರ ಸರ್ಕಾರ ಹೊಸ ಕಾನೂನು ತಂದಿತು. ಕೂಲಿಯವರು ಸಂಘ ಕಟ್ಟಬಹುದು, ಕಟ್ಟಿದ್ದಕ್ಕೆ ಯಾರನ್ನೂ ಕೆಲಸದಿಂದ ತೆಗೆಯುವ ಹಾಗಿಲ್ಲ ಎಂದು ಊರೆಲ್ಲ ಸುದ್ದಿ. ಸಂಘವಾದರೆ ಪುಟ್ಟಮ್ಮಕ್ಕನ ಪರವಾಗಿ ಕೇಳಬಹುದು ಎಂದು ನಮಗೆ ಆಸೆ. ಸಂಘ ಬೇಕೋ ಬೇಡವೋ ಎಂದು ನಮ್ಮನ್ನು ವಿಚಾರಿಸಲು ಮೈಸೂರಿನಿಂದ ಸರ್ಕಾರದ ಸಾಹೇಬರೊಬ್ಬರು ಬಂದರು. ಮ್ಯಾನೇಜರೋ ಮಹಾ ಕಿಲಾಡಿ! ಬೇಕೆಂದೇ ರಾಟೆಗಳು ಭರದಲ್ಲಿ ತಿರುಗುವಾಗ ಅವರನ್ನು ಒಳಗೆ ಕರೆತಂದ.

"ಸಂಘ ಬೇಕು ಅನ್ನೋರು ಕೈ ಎತ್ರಮ್ಮಾ," ಎಂದರು ಸಾಹೇಬರು.

ಒಂದು ಕೈಯೂ ಮೇಲೇಳಲಿಲ್ಲ. ಭಯವಿತ್ತು, ಸುಳ್ಳೇಕೆ ಹೇಳಲಿ? ಆದರೆ ಅದಕ್ಕಿಂತ ಹೆಚ್ಚಾಗಿ, ಓಡುವ ದಾರ ಬಿಟ್ಟು ಕೈ ಎತ್ತುವುದು ನಮಗೆ ಗೊತ್ತೇ ಇರಲಿಲ್ಲ.

"ನೋಡಿದ್ರಲ್ಲಾ ಸ್ವಾಮಿ, ಇವ್ರಿಗ್ಯಾವ ಸಂಘಾನೂ ಬ್ಯಾಡ," ಎಂದು ಮ್ಯಾನೇಜರು ನಕ್ಕ. ಸಾಹೇಬರು ತಿರುಗಿ ಹೊರಟರು.

ಅಯ್ಯೋ, ಹೊರಟೇಬಿಟ್ಟರಲ್ಲಾ! "ಬುದ್ಧೀ, ವಸಿ ನಿಂತ್ಕಳಿ!" ಎಂದು ಕೂಗಿ ಕೈ ಎತ್ತಿದೆ. ಬಿಸಿನೀರು ಮೊಳಕೈವರೆಗೆ ಇಳಿಯಿತು. ಕಣ್ಣೆದುರಿಗೇ ದಾರ ಸಣ್ಣಗಾಗುತ್ತಾ ಆಗುತ್ತಾ ಕಡಿದುಹೋಯಿತು. ನಾನು ರಾಟೆ ನಿಲ್ಲಿಸಿದೆ.

ಉಳಿದ ರಾಟೆಗಳು ತಿರುಗುತ್ತಲೇ ಇದ್ದವು. ಆಮೇಲೆ ಹಬೆಯೊಳಗಿಂದ ಯಾರೋ, "ನಂದೂ ಐತೆ ಬುದ್ಧಿ," ಎಂದರು. ಆಚೆ ಸಾಲಿನಿಂದ ಇನ್ನೊಬ್ಬಳು, "ನನ್ನೂ ಸೇರುಸ್ಕಳಿ!" "ದಾರ! ಏ, ದಾರ ನೋಡ್ರೇ!" ಎಂದು ಮ್ಯಾನೇಜರು ಕಿರುಚುತ್ತಿದ್ದ. ಒಂದೊಂದೇ ರಾಟೆ ನಿಲ್ಲುತ್ತಾ ಬಂತು. ಮುಖಗಳಿಲ್ಲ, ಮೈಗಳಿಲ್ಲ, ಬಿಳಿಯ ಹಬೆಯ ಮೇಲೆ ಬೆಂದು ಸುಕ್ಕುಗಟ್ಟಿದ ಕೈಗಳು ಮಾತ್ರ ತೇಲುತ್ತಿದ್ದವು. ಕೊನೆಯ ರಾಟೆಯೂ ನಿಂತಾಗ ಗೋಡೆಯಾಚೆ ಹೊಳೆ ಹರಿಯುವ ಸದ್ದು ಕೇಳಿಸಿತು. ಅಷ್ಟು ದಿನ ದುಡಿದಿದ್ದರೂ ಅದನ್ನು ನಾನು ಅಲ್ಲಿ ಕೇಳಿಯೇ ಇರಲಿಲ್ಲ.

ಸದ್ದು ನಿಂತದ್ದು ಗೇಟಿನವರೆಗೂ ಗೊತ್ತಾಗಿತ್ತು. ಯಾರಿಗೋ ಅಪಾಯವಾಯಿತೆಂದು ಪುಟ್ಟಮ್ಮಕ್ಕ ಕಾವಲುಗಾರನನ್ನು ತಳ್ಳಿಕೊಂಡು ಓಡಿಬಂದಳು.

"ಏನಾಯ್ತ್ರವ್ವಾ? ಯಾರ್ಗೇನಾಯ್ತು?"

"ಯಾರ್ಗೂ ಏನೂ ಆಗ್ಲಿಲ್ಲ ಕಣಕ್ಕಾ. ಸಂಗ ಆಯ್ತು," ಎಂದೆ.

ಆಕೆ ತನ್ನ ಹಳೆಯ ತೊಟ್ಟಿಯ ಮುಂದೆ ಕುಸಿದು ಕೂತು ಗೊಳೋ ಎಂದು ಅತ್ತಳು. ಆಮೇಲೆ ಜಗಳ, ಓಡಾಟ ಎಲ್ಲ ನಡೆದು ಆಕೆಗೆ ಕೆಲಸ ವಾಪಸು ಸಿಕ್ಕಿತು.

ಇದನ್ನು ಮೊಮ್ಮಗಳ ಕೈಲಿ ಬರೆಸುತ್ತಿದ್ದೇನೆ. "ಅಜ್ಜೀ, ನಿಂಗೆ ಹೆದರಿಕೆ ಆಗ್ಲಿಲ್ವಾ?" ಎನ್ನುತ್ತಾಳೆ. ಆಗದೆ ಏನು! ನಾನು ಕೈ ಎತ್ತಿ, ಇನ್ನೊಬ್ಬಳು "ನಂದೂ ಐತೆ" ಎನ್ನುವವರೆಗಿನ ಆ ಒಂದು ಗಳಿಗೆ, ಲೋಕದಲ್ಲಿ ನನ್ನಷ್ಟು ಒಂಟಿ ಯಾರೂ ಇರಲಿಲ್ಲ. ಅದಾದ ಮೇಲೆ ಗಂಡ ಹೋದರು, ಓರಗೆಯವರೂ ಹೋದರು. ಅಷ್ಟು ಒಂಟಿ ಎಂದು ಮಾತ್ರ ನನಗೆ ಮತ್ತೆಂದೂ ಅನ್ನಿಸಿಲ್ಲ.