ಮಾಸ್ಟರ್ ತೊಟ್ಟಿಗೆ ಮರಳು ಹಾಸಿದ್ದು

ಸಲೂನಿಗೆ ಬರುವವರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿದ್ದರು. ಮೂವತ್ತೆಂಟು ವರ್ಷದಿಂದ ಅದೇ ಅಂಗಡಿ, ಅವೇ ಎರಡು ಕುರ್ಚಿ, ಗೋಡೆಯುದ್ದದ ಅದೇ ಕನ್ನಡಿ. ತಲೆಗೂದಲು ಕತ್ತರಿಸುವುದರಲ್ಲಿ ಅವರಿಗಿಂತ ಚುರುಕಿನವರು ಇದ್ದಿರಬಹುದು. ಗಡ್ಡ ಹೆರೆಯುವುದರಲ್ಲಿ ಮಾತ್ರ ಅವರ ಕೈಗೆ ಸಾಟಿಯಿರಲಿಲ್ಲ. ಅವರ ಕತ್ತಿ ಕೆನ್ನೆಯ ಮೇಲೆ ಓಡುತ್ತಿದ್ದರೆ ಕುರ್ಚಿಯಲ್ಲಿ ಕೂತವರು ಗೊರಕೆ ಹೊಡೆಯುತ್ತಿದ್ದರು.

ಅರವತ್ತು ತುಂಬುವ ಹೊತ್ತಿಗೆ ಆ ಕೈ ನಡುಗತೊಡಗಿತು. ಮೊದಲು ಲೋಟ ಹಿಡಿದಾಗ, ಆಮೇಲೆ ಸಹಿ ಹಾಕುವಾಗ. ಮಾಸ್ಟರ್ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅಂಚೆ ಹಂಚುವ ಹಳೆಯ ಗಿರಾಕಿಯೊಬ್ಬರ ಕಿವಿಯ ಕೆಳಗೆ ಕತ್ತಿ ತಗುಲಿ ರಕ್ತ ಬಂತು.

"ಬಿಡಿ ಮಾಸ್ಟರ್, ಸೊಳ್ಳೆ ಕಚ್ಚಿದ್ರೂ ಇಷ್ಟು ಬರುತ್ತೆ," ಎಂದರು ಅವರು.

ಮಾಸ್ಟರ್ ಕತ್ತಿ ಕೆಳಗಿಟ್ಟರು. ಉಳಿದರ್ಧ ಗಡ್ಡವನ್ನು ಮಗಳ ಕೈಯಿಂದ ಮೆಷಿನ್‌ನಲ್ಲಿ ತೆಗೆಸಿದರು. ಕತ್ತಿಯನ್ನು ಒರೆಸಿ ಡ್ರಾಯರಿಗೆ ಹಾಕಿದರು. ವೈದ್ಯರು ಪರೀಕ್ಷೆ ಮಾಡಿ, "ಹೆದರೋ ಕಾಯಿಲೆ ಏನಲ್ಲ, ಆದ್ರೆ ಪೂರ್ತಿ ಹೋಗುತ್ತೆ ಅಂತ ಹೇಳಲಾರೆ," ಎಂದರು.

ಮಗಳು ಆರು ವರ್ಷದಿಂದ ಎರಡನೇ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದಳು. ಈಗ ಅಂಗಡಿಯೆಲ್ಲ ಅವಳ ಮೇಲೆ ಬಿತ್ತು. ಅಪ್ಪನನ್ನು ಮನೆಯಲ್ಲಿ ಬಿಟ್ಟರೆ ಅಮ್ಮನಿಗೂ ಅವರಿಗೂ ಜಟಾಪಟಿ. "ಅಡುಗೆಮನೆಯಲ್ಲಿ ನಿಂತು ನನಗೆ ಈರುಳ್ಳಿ ಹೆಚ್ಚೋದು ಹೇಳಿಕೊಡ್ತಾರೆ ಕಣೇ, ದಮ್ಮಯ್ಯ, ಕರ್ಕೊಂಡು ಹೋಗು," ಎಂದು ಅಮ್ಮನೇ ಕೈಮುಗಿದಳು. ಹೀಗೆ ಮಾಸ್ಟರ್ ದಿನವೂ ಅಂಗಡಿಗೆ ಬಂದು, ಮೂಲೆಯ ಸ್ಟೂಲಿನ ಮೇಲೆ, ಮೀನಿನ ತೊಟ್ಟಿಯ ಪಕ್ಕ ಕೂರತೊಡಗಿದರು.

ಎರಡಡಿ ಉದ್ದದ ಗಾಜಿನ ತೊಟ್ಟಿ ಅದು. ತಳದಲ್ಲಿ ನೀಲಿ, ಬಿಳಿ ಜಲ್ಲಿಕಲ್ಲು, ನಾಲ್ಕಾರು ಜಾತಿ ಗಿಡ. ಮೇಲೆ ಈಜುವ ಪುಟ್ಟ ಮೀನುಗಳ ಜೊತೆ, ತಳದಲ್ಲೇ ಓಡಾಡಿಕೊಂಡು ಮೂತಿಯಿಂದ ನೆಲ ಕೆದಕುವ ಆರು ಮೀಸೆಮೀನುಗಳಿದ್ದವು. ಇಷ್ಟು ವರ್ಷ ಮಾಸ್ಟರ್ ಊಟ ಹಾಕಿದ್ದರೇ ಹೊರತು ಸರಿಯಾಗಿ ನೋಡಿರಲಿಲ್ಲ. ಈಗ ನೋಡುವುದೊಂದೇ ಕೆಲಸ. ಒಂದು ವಾರ ನೋಡಿದ ಮೇಲೆ ಮಗಳನ್ನು ಕರೆದರು.

"ಬಾ ಇಲ್ಲಿ. ಇವುಗಳ ಮೀಸೆ ಯಾರು ಬೋಳಿಸಿದ್ರು?"

ಮಗಳು ನಕ್ಕಳು. ಮಾಸ್ಟರ್ ನಗಲಿಲ್ಲ. ನಿಜಕ್ಕೂ ಮೀಸೆ ಇದ್ದಲ್ಲಿ ಮೊಂಡು ಚೂರುಗಳಷ್ಟೇ ಉಳಿದಿದ್ದವು. ಒಂದಕ್ಕೆ ಅದೂ ಇರಲಿಲ್ಲ.

ಅವತ್ತೇ ಮಧ್ಯಾಹ್ನ ಮಾಸ್ಟರ್ ಸಾಕುವ ಮೀನು ಮಾರುವ ಅಂಗಡಿಯಾಕೆಯ ಹತ್ತಿರ ಹೋದರು. ಆಕೆ ತೊಟ್ಟಿಯ ಫೋಟೋ ನೋಡಿ ಹುಬ್ಬು ಗಂಟಿಕ್ಕಿದಳು.

"ಕಲ್ಲು ಚೂಪಾಗಿದೆ ಯಜಮಾನ್ರೇ. ಸಂದಿಯಲ್ಲಿ ಕಸ ಬೇರೆ ಕೊಳೀತಿದೆ. ಅದರಲ್ಲೇ ಮೂತಿ ತಿಕ್ಕಿ ತಿಕ್ಕಿ ಮೀಸೆ ಸವೆದಿದೆ. ನುಣ್ಣಗಿನ ಮರಳು ಹಾಕಿ, ಚೊಕ್ಕಟವಾಗಿಡಿ."

"ಮತ್ತೆ ಬೆಳೆಯುತ್ತಾ?"

"ಬುಡ ಉಳಿದಿದ್ರೆ ಬೆಳೆಯುತ್ತೆ."

ಮಗಳಿಗೆ ಇದು ಬೇಡದ ಉಸಾಬರಿ ಅನ್ನಿಸಿತು. "ಗಿಡ ಎಲ್ಲ ಕೀಳ್ಬೇಕು, ಅಂಗಡಿಯೆಲ್ಲ ರಾಡಿ ಆಗುತ್ತೆ. ನಿಮ್ಮ ಕೈಲಿ..." ಎಂದು ಅರ್ಧಕ್ಕೇ ನಿಲ್ಲಿಸಿದಳು. ಆ ಅರ್ಧ ಮಾತು ಮಾಸ್ಟರ್‌ಗೆ ಚೆನ್ನಾಗಿ ನಾಟಿತು.

ವಾರದ ರಜೆಯ ದಿನ ಬೆಳಿಗ್ಗೆಯೇ ಅಂಗಡಿ ತೆರೆದು ಕೂತರು. ಮರಳನ್ನು ಬಕೆಟ್ಟಿನಲ್ಲಿ ಹಾಕಿ ತೊಳೆದರು. ಮೊದಲ ನೀರು ಚಹಾದ ಬಣ್ಣ. ಒಂಬತ್ತನೇ ಸಲಕ್ಕೆ ತಳ ಕಂಡಿತು. ತೊಟ್ಟಿಯ ಅರ್ಧ ನೀರನ್ನು ದೊಡ್ಡ ಟಬ್ಬಿಗೆ ತೆಗೆದು, ಮೀನುಗಳನ್ನೂ ಫಿಲ್ಟರನ್ನೂ ಅದರೊಳಗೆ ಬಿಟ್ಟರು. ಗಿಡಗಳನ್ನು ಕಿತ್ತು ಒದ್ದೆ ಕಾಗದದಲ್ಲಿ ಸುತ್ತಿಟ್ಟರು. ಜಲ್ಲಿಯನ್ನು ಮೊರದಲ್ಲಿ ಗೋರಿದಾಗ ಎದ್ದ ವಾಸನೆಗೆ ಮಗಳು ಮೂಗು ಮುಚ್ಚಿಕೊಂಡು ಬಾಗಿಲಿಗೆ ಓಡಿದಳು. ಒಂದು ಹಿಡಿ ಹಳೆಯ ಕಲ್ಲನ್ನು ಮಾತ್ರ ತೊಳೆಯದೆ ಬಲೆಚೀಲದಲ್ಲಿ ಕಟ್ಟಿ ಉಳಿಸಿಕೊಂಡರು. ನೀರನ್ನು ಹದವಾಗಿಡುವ ಜೀವಾಣುಗಳು ಅದರಲ್ಲಿರುತ್ತವೆ, ಒಂದು ತಿಂಗಳು ತೊಟ್ಟಿಯ ಮೂಲೆಯಲ್ಲಿಡಿ ಎಂದು ಅಂಗಡಿಯಾಕೆ ಹೇಳಿದ್ದಳು.

ಮರಳು ಹಾಸಿ, ಅದರ ಮೇಲೊಂದು ತಟ್ಟೆ ಇಟ್ಟು, ತಟ್ಟೆಯ ಮೇಲೆ ನಿಧಾನವಾಗಿ ನೀರು ಹೊಯ್ದರು. ಅಲ್ಲಿಯವರೆಗೆ ಎಲ್ಲ ಸಲೀಸು. ಕಷ್ಟ ಶುರುವಾದದ್ದು ಗಿಡ ನೆಡುವಾಗ. ಉದ್ದನೆಯ ಚಿಮಟದಲ್ಲಿ ಬೇರು ಹಿಡಿದು ಮರಳಿಗೆ ತೂರಿಸಿ ಬಿಟ್ಟರೆ, ಗಿಡ ಸುಮ್ಮನೆ ಮೇಲೆ ತೇಲಿ ಬರುತ್ತಿತ್ತು. ಕೈ ಬೇರೆ ಗಡಗಡ. ನಾಲ್ಕು ಸಲ ನೆಟ್ಟರು, ನಾಲ್ಕು ಸಲವೂ ಬಂತು.

"ಕೊಡಿ ಅಪ್ಪಾ, ನಾನು ನೆಡ್ತೀನಿ."

"ಬೇಡ."

"ಹಟ ಯಾಕೆ?"

"ಹಟ ಅಲ್ಲಮ್ಮಾ. ಇದಾದ್ರೂ ನಂದೇ ಇರಲಿ."

ಮಗಳು ಹೋಗಿ ಕುರ್ಚಿಯಲ್ಲಿ ಕೂತಳು. ಮಾಸ್ಟರ್ ತೋಳನ್ನು ತೊಟ್ಟಿಯ ಅಂಚಿಗೆ ಒರಗಿಸಿ, ಮೊಣಕೈವರೆಗೂ ನೀರಿಗಿಳಿಸಿದರು. ನಡುಕ ನಿಲ್ಲಲಿಲ್ಲ, ಸ್ವಲ್ಪ ಸಣ್ಣದಾಯಿತು. ಬೇರನ್ನು ಓರೆಯಾಗಿ ಆಳಕ್ಕೆ ತೂರಿಸಿ, ಈ ಸಲ ಚಿಮಟವನ್ನು ತಕ್ಷಣ ಬಿಡದೆ ಹಾಗೇ ಹಿಡಿದರು. ಕೈಯ ನಡುಕಕ್ಕೆ ಚಿಮಟ ಅಲುಗಿತು. ಅದು ಅಲುಗಿದಂತೆ ಸುತ್ತಲಿನ ಮರಳು ಜಾರಿ ಬಂದು ಬೇರಿನ ಮೇಲೆ ಕೂತುಕೊಂಡಿತು. ಮೆಲ್ಲಗೆ ಬಿಟ್ಟರು. ಗಿಡ ನಿಂತಿತು.

ಮಾಸ್ಟರ್ ಚಿಮಟ ಹೊರತೆಗೆದು ಕಾದರು. ಗಿಡ ಕದಲಲಿಲ್ಲ.

"ನೋಡಿದ್ಯಾ?" ಎಂದರು. ಆಮೇಲೆ ಇಪ್ಪತ್ತಮೂರು ಗಿಡ ನೆಟ್ಟರು. ಮಧ್ಯಾಹ್ನದ ಊಟ ತಣ್ಣಗಾದರೂ ಏಳಲಿಲ್ಲ.

ಮೀಸೆಮೀನುಗಳನ್ನು ಬಿಟ್ಟಾಗ ಅವು ಮೊದಲು ಮೂಲೆ ಹಿಡಿದವು. ಆಮೇಲೆ ಒಂದು ಮುಂದೆ ಬಂದು ಕಣ್ಣಿನವರೆಗೂ ಮೂತಿಯನ್ನು ಮರಳಿಗೆ ತೂರಿಸಿತು. ಅದರ ಕಿವಿರಿನಿಂದ ಮರಳು ಹೊಗೆಯಂತೆ ಹೊರಬಂತು. ಇಷ್ಟು ವರ್ಷ ಅದು ಹಾಗೆ ಮಾಡಿದ್ದನ್ನು ಇಬ್ಬರೂ ನೋಡಿರಲಿಲ್ಲ. ಅಪ್ಪ, ಮಗಳು ನೆಲದ ಮೇಲೆ ಅಕ್ಕಪಕ್ಕ ಕೂತು ನೋಡಿದರು.

ಎಲ್ಲವೂ ಸುಸೂತ್ರವಾಗೇನೂ ಆಗಲಿಲ್ಲ. ಎರಡು ದಿನ ನೀರು ಮಬ್ಬಾಗಿತ್ತು. ಒಂದು ಜಾತಿಯ ಗಿಡ ಎಲೆ ಕರಗಿಸಿಕೊಂಡು ಬರೀ ಕಡ್ಡಿಯಾಯಿತು. ಎರಡು ವಾರ ಕಳೆದು ಅದೇ ಕಡ್ಡಿಯಲ್ಲಿ ಹೊಸ ಎಲೆ ಬಂತು. ಮಾಸ್ಟರ್ ದಿನಕ್ಕೆ ಮೂರು ಸಲ ಭೂತಗನ್ನಡಿ ಹಿಡಿದು ತೊಟ್ಟಿಗೆ ಮುಖ ಒಡ್ಡುತ್ತಿದ್ದರು. ಎರಡು ತಿಂಗಳಿಗೆ ಐದು ಮೀನುಗಳ ಮೊಂಡು ತುದಿಯಲ್ಲಿ ಕೂದಲೆಳೆಯಂಥ ಮೀಸೆ ಕಾಣಿಸಿತು. ಆರನೆಯದಕ್ಕೆ ಬರಲಿಲ್ಲ. ಅದು ಮೀಸೆಯಿಲ್ಲದೆಯೇ ಉಳಿದವುಗಳ ಜೊತೆ ಮರಳು ಜಾಲಾಡುತ್ತಿತ್ತು, ಹೊಟ್ಟೆ ತುಂಬ ತಿನ್ನುತ್ತಿತ್ತು.

ಆ ದಿನಗಳಲ್ಲೇ ಮಗಳು ಒಂದು ಸಂಜೆ ಕೇಳಿದಳು: "ಅಪ್ಪಾ, ಕತ್ತಿ ಹಿಡಿಯೋದು ಹೇಳಿಕೊಡಿ. ನೀವು ಇದ್ದೀರಲ್ಲ ಅಂತ ನಾನು ಕಲೀಲೇ ಇಲ್ಲ."

"ಕೈ ಹಿಡಿದು ತೋರಿಸೋಕಾಗಲ್ವಲ್ಲಮ್ಮಾ ನಂಗೆ."

"ಬಾಯಲ್ಲಿ ಹೇಳಿ ಸಾಕು."

ಮಾಸ್ಟರ್ ಅವಳ ಹಿಂದೆ ನಿಂತು ಹೇಳಿದರು. ಚರ್ಮವನ್ನು ಎಡಗೈಯಲ್ಲಿ ಎಳೆದು ಹಿಡಿ, ಕತ್ತಿಯನ್ನು ಒತ್ತಬೇಡ, ಅದರ ಭಾರಕ್ಕೇ ಹೋಗಲಿ ಬಿಡು. ಮೊದಲು ಸೋಪು ಬಳಿದ ಬಲೂನಿನ ಮೇಲೆ. ಹನ್ನೊಂದು ಬಲೂನು ಢಬ್ಬೆಂದವು. ಹನ್ನೆರಡನೆಯದು ಉಳಿದಾಗ ಮಾಸ್ಟರ್ ತಾವೇ ಕುರ್ಚಿಯಲ್ಲಿ ಕೂತು ಗದ್ದ ಎತ್ತಿದರು. ಅವಳ ಕೈ ಚೂರೂ ಅಳುಕಲಿಲ್ಲ. ಅರ್ಧಕ್ಕೆ ಬರುವಷ್ಟರಲ್ಲಿ ಮಾಸ್ಟರ್ ನಿದ್ದೆ ಹೋಗಿದ್ದರು.

ಬಿಟ್ಟುಹೋಗಿದ್ದ ಶೇವಿಂಗ್ ಗಿರಾಕಿಗಳು ಒಬ್ಬೊಬ್ಬರೇ ತಿರುಗಿ ಬಂದರು. ಸರದಿಗೆ ಕಾಯುವವರು ತೊಟ್ಟಿಯ ಮುಂದೆ ಕೂರುತ್ತಿದ್ದರು. ಒಂದು ದಿನ ಮಗನನ್ನು ಕರೆತಂದು ಹಾಗೆ ಕೂತಿದ್ದ, ರಸ್ತೆಯಾಚೆಯ ಹಲ್ಲಿನ ಡಾಕ್ಟರಮ್ಮ ಬಹಳ ಹೊತ್ತು ನೋಡಿ ಕೇಳಿದರು. ಮಗನ ಕೂದಲು ಕತ್ತರಿಸಿ ಮುಗಿದದ್ದೂ ಅವರಿಗೆ ಗೊತ್ತಾಗಿರಲಿಲ್ಲ.

"ನಮ್ಮ ಕ್ಲಿನಿಕ್‌ನಲ್ಲೂ ಒಂದು ತೊಟ್ಟಿ ಇದೆ ಮಾಸ್ಟರ್. ತಳ ಪೂರ್ತಿ ಕಲ್ಲು. ಬಂದು ಸ್ವಲ್ಪ ನೋಡ್ತೀರಾ?"

"ನೋಡೋಣ. ತಳದಲ್ಲಿ ಓಡಾಡೋ ಮೀನು ಇದ್ಯಾ?"

"ನಾಲ್ಕಿವೆ."

"ಹಾಗಾದ್ರೆ ಬೇಗ ಬರ್ಬೇಕು," ಎಂದು ಮಾಸ್ಟರ್ ಎದ್ದು, ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡು ಅವರ ಹಿಂದೆಯೇ ರಸ್ತೆ ದಾಟಿದರು.